ಬೆನೆ ಇಸ್ರೇಲರ ಹಾಡಿಗೂ ಒಂದು ಭಾನುವಾರ ಕೊಡಿ: ಮುಂಬೈಯ ಕನ್ನಡ ಸಂಘಗಳಿಗೆ ಬಹಿರಂಗ ಪತ್ರ

ಮುಂಬೈ, ಥಾಣೆ, ಡೊಂಬಿವಿಲಿ ಮತ್ತು ನವಿ ಮುಂಬೈಯ ಕನ್ನಡ ಸಂಘಗಳ ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಸಾಂಸ್ಕೃತಿಕ ಸಮಿತಿಯ ಸದಸ್ಯರಿಗೆ,

ಸವಿನಯ ನಮಸ್ಕಾರಗಳು.

ನಾನು ನಿಮ್ಮವನೇ. ಸಂಘದ ಆಜೀವ ಸದಸ್ಯ. ತಾಳಮದ್ದಳೆ ಇದ್ದರೆ ಬೇಗ ಬಂದು ಕುರ್ಚಿ ಜೋಡಿಸುವವನು, ಸನ್ಮಾನ ಶುರುವಾದರೆ ಚಹಾ ಕುಡಿಯಲು ಹೊರಗೆ ಹೋಗುವವನು. ಇಷ್ಟು ವರ್ಷ ಸಮಿತಿಗೆ ಪತ್ರ ಬರೆದವನಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ಒಂದು ದೂರು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಥಾಣೆಯ ಕೆಲವು ಬೆನೆ ಇಸ್ರೇಲ್ (ಮರಾಠಿ ಮಾತಾಡುವ ಕೊಂಕಣದ ಯಹೂದಿಗಳು) ಹುಡುಗ ಹುಡುಗಿಯರು ಒಂದು ಸಂಜೆ ಹಾಡೋಣ ಅಂತ ಜಾಗ ಹುಡುಕುತ್ತಿದ್ದರು. ಅವರಲ್ಲಿ ಒಬ್ಬಳು ನನ್ನ ಮಗಳ ಜೊತೆ ಕೆಲಸ ಮಾಡುತ್ತಾಳೆ. ಅಜ್ಜಿಯರು ಹಾಡುತ್ತಿದ್ದ ಮರಾಠಿ ಹಾಡುಗಳಿಗೆ ಹೊಸ ರಾಗ ಹಾಕಿದ್ದರು. ತಾವೇ ಬರೆದದ್ದೂ ಒಂದಿಷ್ಟು ಇತ್ತು. ಹಾರ್ಮೋನಿಯಂ, ತಬಲಾ, ಗಿಟಾರ್, ಒಂದು ಪಿಟೀಲು. ಮೈಕ್ ಎರಡೇ ಸಾಕು ಅಂದಿದ್ದರು. ನಮ್ಮವರೇ ನಡೆಸುವ ಒಂದು ಸಭಾಗೃಹ ಆ ದಿನ ಖಾಲಿ ಇತ್ತು. ಯಾವ ಸಭಾಗೃಹ ಅಂತ ಇಲ್ಲಿ ಬರೆಯುವುದಿಲ್ಲ, ಯಾಕಂದರೆ ಇದು ಒಬ್ಬರ ಮೇಲಿನ ಸಿಟ್ಟಲ್ಲ. ನಾನೇ ಹೋಗಿ ಕೇಳಿದೆ. ಮೊದಲು "ಆಗಬಹುದು" ಅಂದರು. ಯಾವ ಜನ ಅಂತ ಗೊತ್ತಾದ ಮೇಲೆ "ಸಮಿತಿಯಲ್ಲಿ ಕೇಳಿ ಹೇಳ್ತೇವೆ" ಅಂದರು. ಆಮೇಲೆ ಒಂದೊಂದೇ ಕಾರಣ ಬಂತು. ಇದು ಧಾರ್ಮಿಕ ಕಾರ್ಯಕ್ರಮ, ನಾವು ಧಾರ್ಮಿಕ ಕಾರ್ಯಕ್ರಮಕ್ಕೆ ಕೊಡುವುದಿಲ್ಲ. (ಅದೇ ಸಭಾಗೃಹದಲ್ಲಿ ಸತ್ಯನಾರಾಯಣ ಪೂಜೆಯ ಊಟ ಎಷ್ಟು ಸಲ ಆಗಿದೆ ಅಂತ ನಮಗೆಲ್ಲ ಗೊತ್ತು, ಇರಲಿ.) ಪೊಲೀಸರ ಅನುಮತಿ ಬೇಕಾಗಬಹುದು. ಈಗ ಇಸ್ರೇಲಿನಲ್ಲಿ ಯುದ್ಧ ನಡೀತಿದೆ, ಯಾರಾದರೂ ಬಂದು ಗಲಾಟೆ ಮಾಡಿದರೆ? ಕೊನೆಗೆ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು: "ನಿಮಗ್ಯಾಕೆ ಮಾರಾಯ್ರೆ ಅವರ ಉಸಾಬರಿ?"

ಆ ಪ್ರಶ್ನೆಗೆ ನನ್ನ ಉತ್ತರವೇ ಈ ಪತ್ರ.

ಬೆನೆ ಇಸ್ರೇಲರು ಮುಂಬೈಗೆ ಹೊರಗಿನವರಲ್ಲ. ನಮಗಿಂತ ಮೊದಲೇ ಬಂದವರು. ಅಲಿಬಾಗ್ ಹತ್ತಿರದ ನವಗಾಂವ್ ಕರಾವಳಿಯಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಮಾತ್ರ ದಡ ಸೇರಿದರು, ಅವರ ಸಂತಾನ ನಾವು ಅಂತ ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಇಟ್ಟುಕೊಂಡು ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು 'ಶನಿವಾರ ತೇಲಿ' (ತೇಲಿ ಅಂದರೆ ಗಾಣಿಗ) ಅಂತ ಕರೆದರು. ಪೆಣ್, ಚೌಲ್, ರೋಹಾ, ದಿವೆ, ಅಷ್ಟಮಿ ಹೀಗೆ ಊರಿನ ಹೆಸರಿಗೆ 'ಕರ್' ಸೇರಿಸಿದರೆ ಅವರ ಮನೆತನದ ಹೆಸರು ಆಗುತ್ತದೆ. ಮನೆಮಾತು ಮರಾಠಿ. ಪಕ್ಕದ ಫ್ಲಾಟಿನಲ್ಲಿ ಪೆಣ್ಕರ್ ಅಂತ ಬೋರ್ಡು ಇದ್ದರೆ ನಾವು ಸುಮ್ನೆ ಮರಾಠಿಯವರು ಅಂದುಕೊಳ್ಳುತ್ತೇವೆ. ಅದು ತಪ್ಪೂ ಅಲ್ಲ. ಅವರು ಮರಾಠಿಯವರೇ.

ಮಹಾಲಕ್ಷ್ಮಿಯಿಂದ ವರ್ಲಿಗೆ ಹೋಗುವ ಇ. ಮೋಸೆಸ್ ರಸ್ತೆಯಲ್ಲಿ ದಿನಾ ಓಡಾಡುವ ನಮ್ಮವರು ಎಷ್ಟು ಮಂದಿ! 1937ರಲ್ಲಿ ಈ ನಗರದ ಮೇಯರ್ ಆದ ಡಾಕ್ಟರ್ ಎಲಿಜಾ ಮೋಸೆಸ್ ಅವರ ಹೆಸರು ಅದು. ಅವರೂ ಬೆನೆ ಇಸ್ರೇಲರೇ.

ಇನ್ನು ನಮಗೂ ಅವರಿಗೂ ಇರುವ ಹಳೆಯ ನಂಟು. ಮಸೀದಿ ಬಂದರ್ ಸ್ಟೇಷನ್ ಹತ್ತಿರ ಸ್ಯಾಮ್ಯುಯೆಲ್ ಸ್ಟ್ರೀಟ್ ಇದೆಯಲ್ಲ, ಮಂಡಿ ವ್ಯಾಪಾರದವರಿಗೆ ಚೆನ್ನಾಗಿ ಗೊತ್ತಿರುವ ಬೀದಿ. ಅಲ್ಲಿರುವುದು ಮುಂಬೈಯ ಮೊದಲ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಶಾರ್ ಹಾರಹಮೀಮ್. 1796ರದು. ಕಟ್ಟಿಸಿದವರು ಈಸ್ಟ್ ಇಂಡಿಯಾ ಕಂಪನಿ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ದಿವೇಕರ್. ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿನ ಕೈಗೆ ಸೆರೆ ಸಿಕ್ಕರು. ಸಮುದಾಯದಲ್ಲಿ ಹೇಳಿಕೊಂಡು ಬಂದ ಕಥೆ ಹೀಗಿದೆ: ನೀವು ಯಾವ ಜನ ಅಂತ ಕೇಳಿದಾಗ ಸೆರೆಯಾಳುಗಳು 'ಬೆನೆ ಇಸ್ರೇಲ್' ಅಂದರು, ಆ ಹೆಸರು ಕುರಾನಿನಲ್ಲಿ ಬರುತ್ತದೆ ಅಂತ ಟಿಪ್ಪುವಿನ ತಾಯಿ ಹೇಳಿ ಜೀವ ಉಳಿಸಿದರು. ಬಿಡುಗಡೆಯಾಗಿ ಬಂದ ದಿವೇಕರ್ ಹರಕೆ ತೀರಿಸಲು ಸಿನಗಾಗ್ ಕಟ್ಟಿಸಿದರು. ಟಿಪ್ಪು ಹೆಸರು ಎತ್ತಿದರೆ ಈಗ ಸಂಘದ ಸಭೆಯಲ್ಲಿ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಆ ಜಗಳ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ. ನಾನು ಹೇಳುವುದಿಷ್ಟೇ. ಮುಂಬೈ ಯಹೂದಿಗಳ ಮೊದಲ ಪ್ರಾರ್ಥನಾ ಮಂದಿರದ ಕಥೆ ಶುರುವಾಗುವುದು ನಮ್ಮ ಮೈಸೂರು ಸೀಮೆಯ ಸೆರೆಮನೆಯಲ್ಲಿ. ಉಸಾಬರಿ ಯಾಕೆ ಅಂದವರಿಗೆ ಇದು ಗೊತ್ತಿರಲಿ.

ಆದರೆ ನಾನು ಹಳೆ ಕಥೆಗಾಗಿ ಈ ಪತ್ರ ಬರೆಯುತ್ತಿಲ್ಲ. ಹಾಡಿಗಾಗಿ ಬರೆಯುತ್ತಿದ್ದೇನೆ.

ಹರಿಕಥೆ ನಮಗೆ ಹೊಸದಲ್ಲ. ಮಹಾರಾಷ್ಟ್ರದ ಕೀರ್ತನೆ ಅದರ ಅಣ್ಣನೋ ತಮ್ಮನೋ ಇದ್ದ ಹಾಗೆ. 1880ರ ಹೊತ್ತಿಗೆ ಬೆನೆ ಇಸ್ರೇಲರು ಆ ಕೀರ್ತನೆಯನ್ನೇ ಎತ್ತಿಕೊಂಡರು. ಕೈಯಲ್ಲಿ ತಾಳ, ಬಾಯಲ್ಲಿ ಸಾಕಿ, ದಿಂಡಿ, ಓವಿ ಅನ್ನುವ ಮರಾಠಿ ಪದ್ಯಗಳು. ಆದರೆ ಕಥೆ ಅಬ್ರಹಾಮನದು, ಯೋಸೇಫನದು, ಮೋಶೆಯದು. ಅಣ್ಣಂದಿರು ಸೇರಿ ಯೋಸೇಫನನ್ನು ಹೊಂಡಕ್ಕೆ ತಳ್ಳಿ ಆಮೇಲೆ ಮಾರಿಬಿಡುವ ಪ್ರಸಂಗವನ್ನು ಮರಾಠಿ ಕೀರ್ತನೆಯ ಧಾಟಿಯಲ್ಲಿ ಒಮ್ಮೆ ಕೇಳಿ ನೋಡಿ. ಕಥೆ ಗೊತ್ತಿಲ್ಲದಿದ್ದರೂ ದುಃಖ ಎಲ್ಲಿ ಬರುತ್ತದೆ, ಹಾಸ್ಯ ಎಲ್ಲಿ ಬರುತ್ತದೆ ಅಂತ ನಮ್ಮ ಕಿವಿಗೆ ಗೊತ್ತಾಗುತ್ತದೆ. ತಮ್ಮ ಧರ್ಮದ ಕಥೆಯನ್ನು ಮಕ್ಕಳಿಗೂ ಹೆಂಗಸರಿಗೂ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು ಅಂತ ಆಗಿನ ಕಾಲದ ಉತ್ಸಾಹಿಗಳು ಮಾಡಿದ ಕೆಲಸ ಅದು. ಅಂದರೆ ಈಗ ನಾವು 'ಸಂಪ್ರದಾಯ' ಅನ್ನುವುದು ಆಗ ಹೊಸ ಪ್ರಯೋಗವೇ ಆಗಿತ್ತು. ಪಕ್ಕದ ಮನೆಯ ಕಲೆಯಿಂದ ಕಲಿತು ತಮ್ಮದು ಮಾಡಿಕೊಂಡರು. ಇವತ್ತು ಥಾಣೆಯ ಹುಡುಗ ಅದೇ ಹಾಡಿಗೆ ಗಿಟಾರ್ ಹಿಡಿದರೆ ಅಪಚಾರ ಏನೂ ಆಗುವುದಿಲ್ಲ. ಅವನ ಮುತ್ತಜ್ಜ ಮಾಡಿದ್ದನ್ನೇ ಅವನೂ ಮಾಡುತ್ತಿದ್ದಾನೆ.

ಸಭಾಗೃಹ ಸಿಗಲಿಲ್ಲ. ಆಗ ಆ ಹುಡುಗಿಯ ಮನೆಯವರು ನಮ್ಮನ್ನು ಒಂದು ಮಲಿದಾಕ್ಕೆ ಕರೆದರು. ಮದುವೆ, ಗೃಹಪ್ರವೇಶ, ಹರಕೆ, ಕಾಯಿಲೆ ವಾಸಿಯಾದದ್ದು, ಹೀಗೆ ಏನೇ ಶುಭ ಇದ್ದರೂ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲಿದಾ ಮಾಡುತ್ತಾರೆ. ದೊಡ್ಡ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ. ಮೇಲೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ. ಸುತ್ತ ಬಾಳೆಹಣ್ಣು, ಸೇಬು, ಖರ್ಜೂರ. ನಡುವೆ ಗುಲಾಬಿ. ನನ್ನ ಹೆಂಡತಿ ತಟ್ಟೆ ನೋಡಿದವಳೇ "ಇದು ನಮ್ಮ ಉಡುಪಿಯ ಸಿಹಿ ಅವಲಕ್ಕಿ ಅಲ್ವಾ?" ಅಂದಳು. ಅಲ್ಲಿದ್ದ ಅಜ್ಜಿ ನಕ್ಕು, "ಕೊಂಕಣದ ಅವಲಕ್ಕಿ, ಸಮುದ್ರ ಒಂದೇ ತಾನೇ" ಅಂತ ಮರಾಠಿಯಲ್ಲಿ ಹೇಳಿದರು. ಆಮೇಲೆ ಎಲ್ಲರೂ ಎಲಿಯಾಹು ಹನ್ನಾಬಿ ಹಾಡಿದರು. ಪಲ್ಲವಿ ಹೀಬ್ರೂ. ಅಜ್ಜಿಯ ಕೈಯಲ್ಲಿ ಉದ್ದ ಗೆರೆಯ ಹಳೆ ನೋಟ್‌ಬುಕ್ಕು. ಅದರಲ್ಲಿ ಹೀಬ್ರೂ ಸಾಲುಗಳನ್ನು ದೇವನಾಗರಿಯಲ್ಲಿ ಬರೆದುಕೊಂಡಿದ್ದರು. ಉಸಿರು ಎಲ್ಲಿ ತೆಗೆಯಬೇಕು ಅಂತ ಕೆಂಪು ಶಾಯಿಯಲ್ಲಿ ಗುರುತು. ಕೆಲವು ಹಾಡಿನ ತಲೆಯ ಮೇಲೆ ಒಂದು ಹಳೆ ನಾಟ್ಯಸಂಗೀತದ ಹೆಸರು ಬರೆದು 'ಇದರ ಚಾಲಿ' (ಇದೇ ಧಾಟಿ) ಅಂತ ಇತ್ತು. ನಮ್ಮ ಭಜನಾ ಮಂಡಳಿಯ ಪುಸ್ತಕದಲ್ಲಿ ಇರುವ ಹಾಗೆಯೇ.

ಆ ನೋಟ್‌ಬುಕ್ಕಿನ ಅಂಚು ಪುಡಿಯಾಗುತ್ತಿದೆ. ಅದರಲ್ಲಿರುವ ಅರ್ಧ ಹಾಡುಗಳ ಧಾಟಿ ಅಜ್ಜಿಗೆ ಮಾತ್ರ ಗೊತ್ತು.

ಇದೇ ಪರಿಸ್ಥಿತಿ ಕೊಚ್ಚಿಯಲ್ಲೂ ಇತ್ತು. ಅಲ್ಲಿನ ಯಹೂದಿ ಹೆಂಗಸರು ಮಲಯಾಳದಲ್ಲಿ ಹಾಡುತ್ತಿದ್ದರು. ಮದುವೆ ಹಾಡು, ಸಿನಗಾಗಿನ ಹಾಡು, ಗಿಳಿಯ ಹಾಡು. ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಬಹುಪಾಲು ಜನ ಇಸ್ರೇಲಿಗೆ ಹೋದ ಮೇಲೆ ಹಾಡು ನಿಂತೇ ಹೋಗುವ ಹಾಗಿತ್ತು. ಕೆಲವು ಸಂಶೋಧಕರು ವರ್ಷಗಟ್ಟಲೆ ಕೂತು ಧ್ವನಿ ಮುದ್ರಿಸಿದರು, ಪುಸ್ತಕ ತಂದರು. 2004ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಗೀತ ಸಂಶೋಧನಾ ಕೇಂದ್ರದಿಂದ ಸಿ.ಡಿ. ಕೂಡ ಬಂತು. ಆ ಕೆಲಸದಲ್ಲಿ ಕೇರಳದ ಮಲಯಾಳ ವಿದ್ವಾಂಸ ಸ್ಕರಿಯಾ ಝಕರಿಯಾ ಅವರ ಪಾಲು ದೊಡ್ಡದು. ಅವರು ಯಹೂದಿ ಅಲ್ಲ. "ನಿಮಗ್ಯಾಕೆ ಉಸಾಬರಿ" ಅಂತ ಅವರನ್ನೂ ಯಾರಾದರೂ ಕೇಳಿರಬಹುದು!

ಇವರ ಸಂಖ್ಯೆ ಕಡಿಮೆ, ನಿಜ. ಸ್ವಾತಂತ್ರ್ಯದ ಹೊತ್ತಿಗೆ 20,000ದಷ್ಟಿದ್ದ ಬೆನೆ ಇಸ್ರೇಲರಲ್ಲಿ ಹೆಚ್ಚಿನವರು 1948ರ ನಂತರ ಇಸ್ರೇಲಿಗೆ ಹೋದರು. ಈಗ ಇಡೀ ದೇಶದಲ್ಲಿ ಯಹೂದಿಗಳು 5,000ದ ಆಸುಪಾಸು. ಅದರಲ್ಲಿ ಬಹುಪಾಲು ಮುಂಬೈ, ಥಾಣೆ ಸುತ್ತಮುತ್ತ. ಸಂಖ್ಯೆ ಇಷ್ಟು ಕಡಿಮೆಯಾದಾಗ ಟಿಕೆಟ್ ಮಾರಿ ಸಭಾಗೃಹ ತುಂಬಿಸುವುದು ಆಗದ ಮಾತು. ಹಾರ್ಮೋನಿಯಂ ನುಡಿಸುವವನು ಒಬ್ಬ ಕೆನಡಾಕ್ಕೆ ಹೋದರೆ ತಂಡವೇ ಅರ್ಧ ಆಗುತ್ತದೆ. ಇಂಥ ಕಡೆ ಕಲೆ ಉಳಿಯಬೇಕಾದರೆ ಹೊರಗಿನ ಕೇಳುಗರು ಬೇಕು. ಅದು ಅವರ ಸಮುದಾಯದವರೇ ನನಗೆ ಬಿಡಿಸಿ ಹೇಳಿದ್ದು. "ನಮ್ಮವರು ನಮ್ಮನ್ನು ಕೇಳಿ ಕೇಳಿ ಸಾಕಾಗಿದ್ದಾರೆ, ಬೇರೆಯವರು ಕೇಳಿದರೆ ನಾವು ಜಾಸ್ತಿ ಅಭ್ಯಾಸ ಮಾಡ್ತೇವೆ" ಅಂತ ಆ ತಂಡದ ತಬಲಾ ಹುಡುಗ ಅಂದ. ಯಕ್ಷಗಾನ ಕಲಿಯುವ ನಮ್ಮ ಮಕ್ಕಳ ತಂಡದವರೂ ಇದನ್ನೇ ಹೇಳುತ್ತಾರಲ್ಲ.

ಈ ನಗರ ಅವರನ್ನು ಮರೆತಿದೆ ಅಂತ ನಾನು ಹೇಳಲಾರೆ. ನೆನಪಿಟ್ಟುಕೊಂಡಿದೆ, ಆದರೆ ಕಟ್ಟಡವಾಗಿ ಮಾತ್ರ. ಕಾಲಾ ಘೋಡಾಕ್ಕೆ ಹೋಗಿ ನೋಡಿ. ಆ ಜಾಗಕ್ಕೆ ಹೆಸರು ತಂದ ಕುದುರೆ ಪ್ರತಿಮೆ ಬಗ್ದಾದಿ ಯಹೂದಿ ಮನೆತನದ ಆಲ್ಬರ್ಟ್ ಸಸೂನ್ ಕೊಟ್ಟದ್ದು. ಪಕ್ಕದಲ್ಲೇ ಡೇವಿಡ್ ಸಸೂನ್ ಗ್ರಂಥಾಲಯ. ಒಂದು ತಿರುವು ದಾಟಿದರೆ 1884ರ ಕೆನೆಸೆತ್ ಎಲಿಯಾಹು ಸಿನಗಾಗ್. ಬೈಕಲಾದಲ್ಲಿ 1864ರ ಮಾಗೆನ್ ಡೇವಿಡ್. ಎಲ್ಲದರ ಮುಂದೆಯೂ ಫೋಟೋ ತೆಗೆಸಿಕೊಳ್ಳುವವರು ಇದ್ದಾರೆ, ಹೆರಿಟೇಜ್ ವಾಕ್ ಮಾಡಿಸುವವರು ಇದ್ದಾರೆ. ಸಿನಿಮಾದ ಮಾತು ಬಂದರೆ ಸುಲೋಚನಾ, ನಾದಿರಾ, ಡೇವಿಡ್, 1947ರ ಮೊದಲ ಮಿಸ್ ಇಂಡಿಯಾ ಪ್ರಮೀಳಾ ಅಂತ ಪಟ್ಟಿ ಓದುತ್ತಾರೆ. ನಮ್ಮ ಮೊದಲ ಟಾಕಿ 1931ರ 'ಆಲಂ ಆರಾ' ಜೋಸೆಫ್ ಡೇವಿಡ್ ಪೆಣ್ಕರ್ ಅವರ ನಾಟಕದಿಂದ ಬಂತು ಅಂತ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಬೆಳಗಿನ ಆಕಾಶವಾಣಿಯ ಆ ಶಿವರಂಜಿನಿ ರಾಗದ ಸಂಜ್ಞಾ ಸಂಗೀತ ಕೇಳಿ ನಾವೆಲ್ಲ ಬೆಳೆದೆವು. ಅದನ್ನು ಕೂಡಿಸಿದ ವಾಲ್ಟರ್ ಕೌಫ್‌ಮನ್ 1934ರಲ್ಲಿ ಜೆಕೊಸ್ಲೊವಾಕಿಯದಿಂದ ಮುಂಬೈಗೆ ಬಂದ ಯಹೂದಿ. ಹಿಟ್ಲರನ ನೆರಳು ಬೀಳುತ್ತಿದ್ದ ಕಾಲ ಅದು.

ಇದೆಲ್ಲ ನಿಜ, ಹೆಮ್ಮೆಯದೂ ಹೌದು. ಆದರೆ ಇವರೆಲ್ಲ ತೀರಿಹೋದವರು. ತೀರಿಹೋದವರಿಗೆ ಸಂಭಾವನೆ ಕೊಡಬೇಕಿಲ್ಲ, ಡೇಟು ಕೇಳಬೇಕಿಲ್ಲ.

ಬದುಕಿರುವವರ ಕಥೆ ಬೇರೆ. ನಮ್ಮ ಸಭಾಗೃಹ ಕೈತಪ್ಪಿದ ಮೇಲೆ ಈ ತಂಡ ಒಂದು ದೊಡ್ಡ ಕಲಾ ಉತ್ಸವದವರನ್ನು ಕೇಳಿತು. ಹೆಸರು ಬೇಡ. ಅಲ್ಲಿಂದ ಬಂದ ಉತ್ತರವನ್ನು ನಾನೇ ಓದಿದ್ದೇನೆ. ಸಾಂಪ್ರದಾಯಿಕ ಉಡುಪಿನಲ್ಲಿ ಬಂದು ಹಳೆಯ ಪ್ರಾರ್ಥನೆ ಹಾಡುವುದಾದರೆ ಹತ್ತು ನಿಮಿಷ ಕೊಡುತ್ತೇವೆ, ಹೊಸ ರಚನೆ ಬೇಡ, ಜೊತೆಗೆ ಒಂದು ತಿಂಡಿ ಮಳಿಗೆ ಇಟ್ಟರೆ ಒಳ್ಳೆಯದು, ಸಂಭಾವನೆಗೆ ಅವಕಾಶ ಇಲ್ಲ. ಹಾಡುವವರಿಗೆ ತಿಂಡಿ ಮಳಿಗೆ ಇಡಿ ಅನ್ನುವುದು ಯಾವ ನ್ಯಾಯ? ನಮ್ಮ ಮೇಳದ ಭಾಗವತರಿಗೆ "ಹತ್ತು ನಿಮಿಷ ಹಾಡಿ, ಹಾಗೇ ನೀರುದೋಸೆ ಹಾಕಿಕೊಡಿ" ಅಂದರೆ ನಾವು ಸುಮ್ಮನಿರುತ್ತೇವಾ?

ಈ ಸಮುದಾಯದಲ್ಲಿ ಹೊಸದನ್ನು ಮಾಡುವವರಿಗೆ ಕೊರತೆ ಇಲ್ಲ ಅನ್ನುವುದಕ್ಕೆ ಒಂದೆರಡು ಹೆಸರು ಹೇಳುತ್ತೇನೆ. ಮುಂಬೈಯಲ್ಲಿ ಹುಟ್ಟಿ ಬೆಳೆದ ಸಿಯೋನಾ ಬೆಂಜಮಿನ್ ಅವರ ಚಿತ್ರಗಳಲ್ಲಿ ಬೈಬಲ್ಲಿನ ಹೆಂಗಸರು ನೀಲಿ ಮೈಬಣ್ಣದಲ್ಲಿ ಬರುತ್ತಾರೆ. ಮಿನಿಯೇಚರ್ ಶೈಲಿಯ ಗೆರೆ, ಇವತ್ತಿನ ವಲಸೆಯ ಕಥೆ. ಅವರಿಗೆ ಹೆಸರು ಬಂದದ್ದು ಅಮೆರಿಕಕ್ಕೆ ಹೋದ ಮೇಲೆ. ಲಿಯೋರಾ ಇತ್ಸಾಕ್ ಇಸ್ರೇಲಿನ ಬೆನೆ ಇಸ್ರೇಲ್ ಮನೆಯ ಹುಡುಗಿ. ಹಿಂದೂಸ್ತಾನಿ ಸಂಗೀತ ಕಲಿಯಲು ಇಲ್ಲಿಗೆ ಬಂದು, ಕಲಿತು, ಹಾಡಿ, ಮತ್ತೆ ಅಲ್ಲಿಗೆ ಹೋದರು. ಒಬ್ಬರು ಇಲ್ಲಿಂದ ಹೋಗಿ ಕಲಾವಿದೆ ಅನ್ನಿಸಿಕೊಂಡರು, ಇನ್ನೊಬ್ಬರು ಕಲಿಯಲು ಇಲ್ಲಿಗೇ ಬಂದರು. ಹಾಗಾದರೆ ಇಲ್ಲೇ ಇದ್ದು ಮಾಡುತ್ತೇವೆ ಅನ್ನುವವರಿಗೆ ಈ ನಗರ ಏನು ಕೊಡುತ್ತದೆ?

ಈಗ ಯುದ್ಧದ ಮಾತು. ಇದನ್ನು ಬದಿಗೆ ಸರಿಸಿ ಬರೆದರೆ ಪತ್ರ ಪ್ರಾಮಾಣಿಕ ಆಗುವುದಿಲ್ಲ.

ಗಾಜಾದಲ್ಲಿ ಸತ್ತ ಮಕ್ಕಳ ಚಿತ್ರ ನೋಡಿ ನನಗೂ ನಿದ್ದೆ ಬಂದಿಲ್ಲ. ಇಸ್ರೇಲ್ ಸರ್ಕಾರದ ಬಗ್ಗೆ ನನಗೂ ಅಭಿಪ್ರಾಯ ಇದೆ, ಅದು ನಯವಾದದ್ದಲ್ಲ. ಸಮಿತಿಯಲ್ಲಿ ಇದಕ್ಕೆ ತದ್ವಿರುದ್ಧ ಅಭಿಪ್ರಾಯದವರೂ ಇದ್ದಾರೆ. ಇರಲಿ. ಆದರೆ ಥಾಣೆಯಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡು ಮರಾಠಿಯಲ್ಲಿ ಹಾಡುವ ಹುಡುಗಿ ವೇದಿಕೆ ಹತ್ತುವ ಮೊದಲು ಅದಕ್ಕೆಲ್ಲ ಉತ್ತರ ಕೊಡಬೇಕಾ? ಅವಳಿಗೆ ಅಲ್ಲಿ ವೋಟು ಇಲ್ಲ. ಅವಳ ವೋಟು ಥಾಣೆಯಲ್ಲಿದೆ.

ಈ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು? ಬೆಳಗಾವಿ ಗಡಿ ಗಲಾಟೆ ಎದ್ದಾಗಲೆಲ್ಲ ನಾವು ಏನು ಮಾಡುತ್ತೇವೆ ನೆನಪಿಸಿಕೊಳ್ಳಿ. ಬಸ್ಸಿಗೆ ಮಸಿ ಬಳಿದ ಸುದ್ದಿ ಬಂದ ಕೂಡಲೇ ಕಾರ್ಯಕ್ರಮದ ಬ್ಯಾನರ್ ಇಳಿಸುತ್ತೇವೆ. ರೈಲಿನಲ್ಲಿ ಕನ್ನಡ ಮಾತಾಡುವಾಗ ದನಿ ತಗ್ಗಿಸುತ್ತೇವೆ. 1960ರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ನೋಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಬೆಳಗಾವಿ ಬಗ್ಗೆ ಬೆಂಗಳೂರಿನಲ್ಲಿ ಯಾರೋ ಮಾಡಿದ ತೀರ್ಮಾನಕ್ಕೆ ಮಾಟುಂಗಾದ ಹೋಟೆಲಿನವನು ಉತ್ತರ ಕೊಡಬೇಕಾಗಿ ಬಂದಾಗ ನಮಗೆ ಹೇಗಾಗಿತ್ತು? ಅದನ್ನು ಅನುಭವಿಸಿದ ನಾವೇ ಈಗ ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ "ನಿಮ್ಮ ದೇಶ ಹಾಗೆ ಮಾಡ್ತಿದೆಯಲ್ಲ" ಅಂದರೆ ಏನರ್ಥ? ಅದು ಅವರ ದೇಶವೂ ಅಲ್ಲ.

ಭದ್ರತೆಯ ಪ್ರಶ್ನೆ ಸುಳ್ಳಲ್ಲ. 2008ರ ನವೆಂಬರಿನಲ್ಲಿ ಕೊಲಾಬಾದ ನರೀಮನ್ ಹೌಸಿನಲ್ಲಿ ರಬ್ಬಿ (ಯಹೂದಿ ಧರ್ಮಗುರು) ದಂಪತಿಯ ಹತ್ಯೆ ಆದದ್ದು ಯಾರೂ ಮರೆತಿಲ್ಲ. ಆಮೇಲಿನಿಂದ ಸಿನಗಾಗುಗಳ ಮುಂದೆ ಪೊಲೀಸರು ಇದ್ದಾರೆ, ಒಳಗೆ ಹೋಗಲು ಗುರುತಿನ ಚೀಟಿ ತೋರಿಸಬೇಕು. ಹಾಗಾಗಿ ಅವರ ಸ್ವಂತ ಜಾಗದಲ್ಲಿ ಸಾರ್ವಜನಿಕ ಸಂಗೀತ ಕಾರ್ಯಕ್ರಮ ಮಾಡುವುದು ಕಷ್ಟ. ಹಾಡು ಕೇಳಲು ಬರುವ ದಾರಿಹೋಕನಿಗೆ ಬಾಗಿಲು ತೆರೆದಿಡಲು ಆಗುವುದಿಲ್ಲ. ಅದಕ್ಕೇ ಅವರಿಗೆ ಬೇರೆಯವರ ವೇದಿಕೆ ಬೇಕಾಗಿರುವುದು. ಭದ್ರತೆಯ ಭಯದಿಂದ ನಾವು ಬಾಗಿಲು ಹಾಕಿದರೆ ಅವರಿಗೆ ಎರಡೂ ಕಡೆ ಬಾಗಿಲು ಹಾಕಿದ ಹಾಗೆ. ಸ್ಥಳೀಯ ಠಾಣೆಗೆ ಮೊದಲೇ ಒಂದು ಪತ್ರ, ಬಾಗಿಲಲ್ಲಿ ಹೆಸರು ಬರೆದುಕೊಳ್ಳಲು ಇಬ್ಬರು ಸ್ವಯಂಸೇವಕರು, ಚೀಲ ನೋಡಲು ಒಬ್ಬರು. ಗಣೇಶೋತ್ಸವಕ್ಕೆ ಇದಕ್ಕಿಂತ ಜಾಸ್ತಿ ಓಡಾಡುತ್ತೇವೆ.

ಮಾನ್ಯರೇ, ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ಸಂಘವೂ ವರ್ಷದಲ್ಲಿ ಒಂದು ಸಂಜೆಯನ್ನು ಈ ನಗರದ ಇನ್ನೊಂದು ಸಣ್ಣ ಸಮುದಾಯದ ಹೊಸ ಕಲೆಗೆ ಬಿಟ್ಟುಕೊಡಲಿ. ಮೊದಲ ವರ್ಷ ಬೆನೆ ಇಸ್ರೇಲರಿಂದ ಶುರುವಾಗಲಿ. ಬಾಡಿಗೆ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಊರಿಂದ ಬರುವ ಯಕ್ಷಗಾನ ಕಲಾವಿದರಿಗೆ ಕೊಡುವಷ್ಟೇ ಮರ್ಯಾದೆ, ಅಷ್ಟೇ ಸಂಭಾವನೆ ಕೊಡಿ. ಶಾಲು, ಹಾರದ ಖರ್ಚು ಉಳಿಸಿದರೆ ಅರ್ಧ ದುಡ್ಡು ಅಲ್ಲೇ ಹೊರಡುತ್ತದೆ. ಏನು ಹಾಡಬೇಕು ಅನ್ನುವುದನ್ನು ಅವರಿಗೇ ಬಿಡಿ. ಮುನ್ನೂರು ವರ್ಷ ಹಳೆಯದು ಬೇಕು ಅಂತ ಹಟ ಹಿಡಿಯಬೇಡಿ. ಹೊಸ ರಚನೆಯೊಂದನ್ನು ಸಂಘದ ಹೆಸರಿನಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು. ಅವರ ಕೀರ್ತನೆಯೂ ನಮ್ಮ ತಾಳಮದ್ದಳೆಯೂ ಒಂದೇ ಸಂಜೆ ನಡೆದರೆ ಹೇಗಿರುತ್ತದೆ ಅಂತ ನಮ್ಮ ಅರ್ಥಧಾರಿಯೊಬ್ಬರನ್ನು ಕೇಳಿದೆ. "ಯೋಸೇಫನ ಅಣ್ಣಂದಿರ ಪರವಾಗಿ ವಾದ ಮಾಡೋದು ನನಗೆ ಬಿಡಿ" ಅಂದರು! ಅಂಥವರು ನಮ್ಮಲ್ಲಿದ್ದಾರೆ.

ನೋಟ್‌ಬುಕ್ಕುಗಳ ಕೆಲಸ ಇನ್ನೂ ಅವಸರದ್ದು. ನಮ್ಮ ಸಂಘಗಳಲ್ಲಿ ಒಳ್ಳೆಯ ಧ್ವನಿಮುದ್ರಣ ಸಾಮಗ್ರಿ ಇದೆ, ಬಹಳ ದಿನ ಬೀರುವಿನಲ್ಲೇ ಇರುತ್ತದೆ. ಅಜ್ಜಿಯರ ಒಪ್ಪಿಗೆ ಪಡೆದು, ಹಾಡಿನ ಹಕ್ಕು ಅವರದ್ದೇ ಅಂತ ಬರೆದುಕೊಟ್ಟು, ಮುದ್ರಿಸಿ ಒಂದು ಪ್ರತಿ ಅವರ ಕುಟುಂಬಕ್ಕೇ ಕೊಡೋಣ. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರು ಮನಸ್ಸು ಮಾಡಿದರೆ ಕೆಲವು ಹಾಡು ಕನ್ನಡಕ್ಕೂ ಬಂದಾವು. ಮರಾಠಿಯಿಂದ ಕನ್ನಡಕ್ಕೆ ತರುವವರು ಈ ಊರಿನಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತಾರೆ?

ಮಝಗಾಂವ್‌ನಲ್ಲಿ ಸರ್ ಎಲಿ ಕದೂರಿ ಶಾಲೆ ಇದೆ. 1875ರಲ್ಲಿ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಬೆನೆ ಇಸ್ರೇಲ್ ಮಕ್ಕಳಿಗಾಗಿ ಶುರು ಮಾಡಿದ್ದು. ಈಗ ಅಲ್ಲಿ ಓದುವವರಲ್ಲಿ ಹೆಚ್ಚಿನವರು ಬೇರೆ ಸಮುದಾಯದ ಮಕ್ಕಳು, ಬಹುಪಾಲು ಮುಸ್ಲಿಮರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ನಮ್ಮ ತಂದೆಯರ ಪೀಳಿಗೆಗೆ ಶಾಲೆ ಅಂದರೆ ಏನು ಅಂತ ಗೊತ್ತಿತ್ತು. ತಮ್ಮ ಶಾಲೆಯನ್ನು ಎಲ್ಲರಿಗೂ ತೆರೆದ ಜನಕ್ಕೆ ಒಂದು ಸಂಜೆಯ ವೇದಿಕೆ ಕೊಡಲು ನಾವು ಸಮಿತಿಯ ಮೇಲೆ ಸಮಿತಿ ಕೂರಿಸುವುದು ಚೆನ್ನಾಗಿ ಕಾಣುವುದಿಲ್ಲ.

ಇನ್ನೊಂದು ಮನವಿ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಯಹೂದಿಗಳಿಗೆ ಅಲ್ಪಸಂಖ್ಯಾತ ಸಮುದಾಯದ ಸ್ಥಾನ ಕೊಟ್ಟಿದೆ. ರಾಜ್ಯದ ಸಾಂಸ್ಕೃತಿಕ ಇಲಾಖೆಗೆ ನಾವು ಆಗಾಗ ಅರ್ಜಿ ಕೊಡುತ್ತಲೇ ಇರುತ್ತೇವೆ, ಭಾಷಾ ಅಲ್ಪಸಂಖ್ಯಾತರು ಅಂತ. ಮುಂದಿನ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಸಣ್ಣ ಸಮುದಾಯಗಳ ಹೊಸ ಸಂಗೀತ, ನಾಟಕ, ಚಿತ್ರಕಲೆಗೆ ಪ್ರತ್ಯೇಕ ನೆರವು ಕೊಡಿ, ಪ್ರೇಕ್ಷಕರ ಸಂಖ್ಯೆ ನೋಡಿ ಅಳೆಯಬೇಡಿ. ಅವರಿಗೂ ಆಗುತ್ತದೆ, ನಾಳೆ ನಮಗೂ ಆಗುತ್ತದೆ. ನಮ್ಮ ಮಕ್ಕಳಲ್ಲಿ ಕನ್ನಡ ಓದಲು ಬರುವವರು ಎಷ್ಟು ಅಂತ ಲೆಕ್ಕ ಹಾಕಿದರೆ, ಐದು ಸಾವಿರ ಅನ್ನುವುದು ನಮಗೂ ಬಹಳ ದೂರದ ಸಂಖ್ಯೆ ಅಲ್ಲ.

"ಜನ ಬರುತ್ತಾರಾ?" ಅಂತ ಕೇಳುತ್ತೀರಿ. ಮೊದಲ ಸಲ ಕಡಿಮೆ ಬರಬಹುದು. ನಮ್ಮ ಕವಿಗೋಷ್ಠಿಗೆ ಬರುವಷ್ಟು ಬಂದರೂ ಸಾಕು, ಅದಕ್ಕಿಂತ ಕಡಿಮೆ ಆಗುವುದು ಕಷ್ಟ. ಪ್ರಚಾರ ನಾನು ಮಾಡುತ್ತೇನೆ. ನಮ್ಮ ಕಟ್ಟಡದ ಹೆಂಗಸರ ಭಜನಾ ಮಂಡಳಿಯವರು ಆಗಲೇ ಒಪ್ಪಿದ್ದಾರೆ. ಮಲಿದಾದ ಅವಲಕ್ಕಿಯ ಸುದ್ದಿ ಅವರ ಕಿವಿಗೆ ಬಿದ್ದಿದೆ.

ದಿನ ಗೊತ್ತು ಮಾಡುವಾಗ ಒಂದಿಷ್ಟು ಗಮನ ಇರಲಿ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ಅವರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಆಚರಿಸುವವರು ವಾದ್ಯ ಮುಟ್ಟುವುದಿಲ್ಲ. ನಮ್ಮವರಿಗೂ ಶನಿವಾರ ಶನಿಗ್ರಂಥ ಪಾರಾಯಣ ಇರುತ್ತದೆ, ಹಾಗಾಗಿ ತೊಂದರೆ ಆಗದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅವರ ದೊಡ್ಡ ಹಬ್ಬಗಳು ಬರುತ್ತವೆ, ಆ ತಿಂಗಳು ಬಿಟ್ಟುಬಿಡಿ. ಊಟ ನಮ್ಮ ಮಾಮೂಲು ಸಸ್ಯಾಹಾರ ಆದರೆ ಅವರಿಗೂ ಸುಲಭ. ಆದರೂ ಮೊದಲೇ ಒಂದು ಮಾತು ಕೇಳಿಕೊಳ್ಳೋಣ.

ಜನವರಿ ಕೊನೆಯ ಒಂದು ಭಾನುವಾರ ಸಂಜೆ ಆದರೆ ತಂಡದವರೆಲ್ಲ ಊರಿನಲ್ಲೇ ಇರುತ್ತಾರಂತೆ. ಪಿಟೀಲಿನವನಿಗೆ ಫೆಬ್ರವರಿಯಲ್ಲಿ ಪರೀಕ್ಷೆ ಇದೆ. ಈ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ವಿಷಯ ಎತ್ತಿ, ಆಗುತ್ತದೋ ಇಲ್ಲವೋ ಅಂತ ಬರಹದಲ್ಲಿ ತಿಳಿಸಿ. ಆಗುವುದಿಲ್ಲ ಅಂದರೆ ಕಾರಣವನ್ನೂ ಬರೆಯಿರಿ. ಆ ಹುಡುಗಿಗೆ ನಾನು ಅದನ್ನು ತೋರಿಸಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಸಂಘದ ಒಬ್ಬ ಆಜೀವ ಸದಸ್ಯ
ಡೊಂಬಿವಿಲಿ ಪೂರ್ವ